ಧರ್ಮಗುರುಗಳಿಗೆ ಎಷ್ಟು ಎತ್ತರದ ಆಸನ? ಕರಾವಳಿಯ ಸಮಿತಿಗಳಿಗೊಂದು ಕೈಪಿಡಿ

ಬ್ರಹ್ಮಕಲಶೋತ್ಸವಕ್ಕೋ, ಇಗರ್ಜಿಯ ವಾರ್ಷಿಕ ಹಬ್ಬಕ್ಕೋ, ಉರೂಸಿಗೋ ಆಮಂತ್ರಣ ಪತ್ರಿಕೆ ಸಿದ್ಧಪಡಿಸುವ ಸಭೆಯಲ್ಲಿ ಕುಳಿತವರಿಗೆಲ್ಲ ಗೊತ್ತಿರುವ ಸಂಗತಿ ಇದು: ಖರ್ಚಿನ ಅಂದಾಜು ಬೇಗ ಮುಗಿಯುತ್ತದೆ, ಹೆಸರುಗಳ ಕ್ರಮ ಮಾತ್ರ ಮುಗಿಯುವುದಿಲ್ಲ. ದಿವ್ಯ ಉಪಸ್ಥಿತಿ ಯಾರದು, ಆಶೀರ್ವಚನ ಯಾರದು, ಯಾರ ಭಾವಚಿತ್ರ ಮುಖಪುಟದಲ್ಲಿ ಬರಬೇಕು, ಯಾರ ಹೆಸರಿನ ಹಿಂದೆ ಎಷ್ಟು 'ಶ್ರೀ' ಇರಬೇಕು ಎಂಬ ಚರ್ಚೆ ರಾತ್ರಿ ಹತ್ತರವರೆಗೆ ಎಳೆಯುತ್ತದೆ. ಹೊರಗಿನವರಿಗೆ ಇದು ತಮಾಷೆಯಾಗಿ ಕಾಣಬಹುದು. ಆದರೆ ಒಂದು ಸಮುದಾಯ ತನ್ನ ಮುಖಂಡರನ್ನು ಎಷ್ಟು ಎತ್ತರದಲ್ಲಿ ಕೂರಿಸುತ್ತದೆ ಎಂಬುದು ನಿಧಾನವಾಗಿ ತೀರ್ಮಾನವಾಗುವುದು ಇಂಥ ಸಭೆಗಳಲ್ಲಿಯೇ. ಆ ತೀರ್ಮಾನದ ಫಲವನ್ನು ಉಣ್ಣುವ ಹೊತ್ತಿಗೆ ಅದನ್ನು ಮಾಡಿದವರು ಸಮಿತಿಯಲ್ಲಿ ಉಳಿದಿರುವುದೂ ಇಲ್ಲ.

ಈ ಬರಹ ಮಂಗಳೂರು ಮತ್ತು ಉಡುಪಿಯ ಕಡೆ ದೇವಸ್ಥಾನದ ವ್ಯವಸ್ಥಾಪನಾ ಸಮಿತಿ, ಚರ್ಚಿನ ಪಾಲನಾ ಮಂಡಳಿ, ಮಸೀದಿಯ ಜಮಾಅತ್ ಸಮಿತಿ, ದೈವಸ್ಥಾನದ ಆಡಳಿತ, ಮಠದ ಭಕ್ತವೃಂದ ಇವುಗಳಲ್ಲಿ ಏನಾದರೊಂದು ಹೊಣೆ ಹೊತ್ತವರಿಗಾಗಿ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಧರ್ಮಗುರುಗಳಿಗೆ ಗೌರವ ಸಲ್ಲಬೇಕು, ತುಂಬು ಮನಸ್ಸಿನಿಂದ ಸಲ್ಲಬೇಕು. ಆದರೆ ಆ ಗೌರವ ಅವರು ಹೊತ್ತಿರುವ ಹೊಣೆಗೆ ಸಲ್ಲುವಂಥದ್ದು. ಅದರ ಅವಧಿ ಎಷ್ಟು, ಲೆಕ್ಕ ಯಾರ ಕೈಯಲ್ಲಿ, ತಪ್ಪು ಕಂಡವರು ಹೋಗಿ ಹೇಳುವುದು ಎಲ್ಲಿ ಎಂಬುದನ್ನು ಎಲ್ಲರೂ ಸಂತೋಷದಿಂದಿರುವ ಕಾಲದಲ್ಲಿಯೇ ಬರೆದಿಡಬೇಕು. ಜಗಳ ಹುಟ್ಟಿದ ಮೇಲೆ ಬರೆಯುವ ನಿಯಮವನ್ನು ಯಾರೂ ನಿಯಮವೆಂದು ಒಪ್ಪುವುದಿಲ್ಲ, ಒಬ್ಬರ ವಿರುದ್ಧ ಮಾಡಿದ ಪಿತೂರಿ ಎನ್ನುತ್ತಾರೆ.

ನಮ್ಮ ಊರಿನ ಪದ್ಧತಿಯಲ್ಲಿಯೇ ಇರುವ ಮಾದರಿ

ಹೊಸ ವ್ಯವಸ್ಥೆಯನ್ನು ಎಲ್ಲಿಂದಲೋ ತರಬೇಕಾಗಿಲ್ಲ. ಉಡುಪಿಯ ಪರ್ಯಾಯವನ್ನು ಆಡಂಬರದ ಕಣ್ಣಿನಿಂದಲ್ಲದೆ ಆಡಳಿತದ ಕಣ್ಣಿನಿಂದ ಒಮ್ಮೆ ನೋಡಬೇಕು. ಮಧ್ವಾಚಾರ್ಯರ ಪರಂಪರೆಯ ಎಂಟು ಮಠಗಳು ಕೃಷ್ಣನ ಪೂಜೆಯ ಅಧಿಕಾರವನ್ನು ಸರದಿಯ ಮೇಲೆ ಹಂಚಿಕೊಂಡಿವೆ. ಮೊದಲು ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಸರದಿಯನ್ನು ಸೋದೆಯ ವಾದಿರಾಜರು ಎರಡು ವರ್ಷಕ್ಕೆ ವಿಸ್ತರಿಸಿದರು. ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ಸರದಿಯ ಶ್ರೀಪಾದರು ಕಾಪು ಬಳಿಯ ದಂಡತೀರ್ಥದಲ್ಲಿ ಮಿಂದು, ಜೋಡುಕಟ್ಟೆಯಿಂದ ಮೆರವಣಿಗೆಯಲ್ಲಿ ರಥಬೀದಿಗೆ ಬರುತ್ತಾರೆ. ಅವಧಿ ಮುಗಿಸಿದ ಶ್ರೀಪಾದರು ಅವರನ್ನು ಎದುರುಗೊಂಡು ಒಳಗೆ ಕರೆದೊಯ್ದು ಅಕ್ಷಯಪಾತ್ರೆ, ಸಟ್ಟುಗ ಮತ್ತು ಕೀಲಿಕೈಗಳನ್ನು ಒಪ್ಪಿಸಿ ಸರ್ವಜ್ಞ ಪೀಠದಲ್ಲಿ ಕೂರಿಸುತ್ತಾರೆ. ನಾಡಿನ ಕಣ್ಣಿಗೆ ಇದಕ್ಕಿಂತ ಎತ್ತರದ ಆಸನ ಉಡುಪಿಯಲ್ಲಿಲ್ಲ. ಆದರೆ ಆ ಎತ್ತರಕ್ಕೆ ಏರಿದವರು ಎರಡು ವರ್ಷ ಕಳೆದ ದಿನ ತಾವೇ ಎದ್ದು, ತಮ್ಮ ಕೈಯಿಂದಲೇ ಇನ್ನೊಬ್ಬರಿಗೆ ಸಟ್ಟುಗವನ್ನು ಕೊಡಬೇಕು. ಮತ್ತೆ ಸರದಿ ಬರುವುದಕ್ಕೆ ಹದಿನಾಲ್ಕು ವರ್ಷ ಕಾಯಬೇಕು. ಕೈಗೆ ಬರುವ ವಸ್ತುಗಳಲ್ಲಿ ಬಡಿಸುವ ಪಾತ್ರೆ ಮತ್ತು ಸಟ್ಟುಗ ಇರುವುದನ್ನೂ ಗಮನಿಸಬೇಕು. ಬಂದ ಭಕ್ತರಿಗೆ ಅನ್ನ ಹಾಕುವ ಹೊಣೆ ಆ ಅಧಿಕಾರದೊಂದಿಗೇ ಹಸ್ತಾಂತರವಾಗುತ್ತದೆ.

ಇದರ ಜೊತೆಗೆ ದ್ವಂದ್ವ ಮಠದ ಏರ್ಪಾಡಿದೆ. ಪಲಿಮಾರು ಮತ್ತು ಅದಮಾರು, ಕೃಷ್ಣಾಪುರ ಮತ್ತು ಪುತ್ತಿಗೆ, ಶೀರೂರು ಮತ್ತು ಸೋದೆ, ಕಾಣಿಯೂರು ಮತ್ತು ಪೇಜಾವರ ಹೀಗೆ ಮಠಗಳು ಜೋಡಿಯಾಗಿವೆ. ಒಂದು ಮಠದ ಯತಿಗಳು ಉತ್ತರಾಧಿಕಾರಿಯನ್ನು ನೇಮಿಸದೆ ತೀರಿಕೊಂಡರೆ ಜೋಡಿ ಮಠದವರು ಆ ಹೊಣೆಯನ್ನು ವಹಿಸಿಕೊಳ್ಳುತ್ತಾರೆ. ಅಂದರೆ ಯಾವ ಪೀಠವೂ ಒಂಟಿಯಲ್ಲ. ಸಮಾನ ಸ್ಥಾನದ ಇನ್ನೊಬ್ಬರ ಕಣ್ಣು ಸದಾ ಅದರ ಮೇಲಿರುತ್ತದೆ. 2008ರ ಪರ್ಯಾಯದ ಸಂದರ್ಭದಲ್ಲಿ, ಸಮುದ್ರ ದಾಟಿ ವಿದೇಶಕ್ಕೆ ಹೋಗಿಬಂದ ಯತಿಗಳು ಕೃಷ್ಣನನ್ನು ಮುಟ್ಟಿ ಪೂಜಿಸಬಹುದೇ ಎಂಬ ಪ್ರಶ್ನೆಯನ್ನು ಎತ್ತಿದವರು ಬೀದಿಯ ಜನರಲ್ಲ, ಉಳಿದ ಮಠಗಳ ಯತಿಗಳೇ. ಆ ಆಕ್ಷೇಪ ಸರಿಯೇ ತಪ್ಪೇ ಎಂಬುದು ಇಲ್ಲಿಯ ವಿಷಯವಲ್ಲ. ನನಗೆ ಮುಖ್ಯವಾಗಿ ಕಾಣುವುದು, ಪೀಠಕ್ಕೆ ಏರಲಿರುವವರನ್ನು ಎಲ್ಲರೆದುರು ಪ್ರಶ್ನಿಸಿದರೆ ಧರ್ಮ ಮುಳುಗಿಹೋಗುತ್ತದೆ ಎಂದು ಆಗ ಯಾರೂ ಭಾವಿಸಲಿಲ್ಲ ಎಂಬುದು.

ಪರಂಪರೆಯ ಮೂಲಕ್ಕೆ ಹೋದರೂ ಇದೇ ಕಾಣುತ್ತದೆ. ಮಧ್ವಾಚಾರ್ಯರು ಗುರುಗಳಾದ ಅಚ್ಯುತಪ್ರೇಕ್ಷರಲ್ಲಿ 'ಇಷ್ಟಸಿದ್ಧಿ' ಎಂಬ ಅದ್ವೈತ ಗ್ರಂಥದ ಪಾಠಕ್ಕೆ ಕುಳಿತಾಗ ಮೊದಲ ಪದ್ಯದಲ್ಲಿಯೇ ಮೂವತ್ತೆರಡು ದೋಷಗಳನ್ನು ತೋರಿಸಿದರೆಂದು ಅವರ ಚರಿತ್ರೆ ಹೇಳುತ್ತದೆ. ಗುರುಗಳು ಶಿಷ್ಯನನ್ನು ಹೊರಗೆ ಹಾಕಲಿಲ್ಲ. ವಾದ ಮಾಡಿದರು, ಕೊನೆಗೆ ಶಿಷ್ಯನ ಮತವನ್ನೇ ಒಪ್ಪಿದರು. ಉಡುಪಿಯ ಇಡೀ ಪರಂಪರೆ ನಿಂತಿರುವುದು ಗುರುಗಳಿಗೆ ಎದುರು ಹೇಳಿದ ಒಬ್ಬ ಶಿಷ್ಯರ ಮೇಲೆ. ಗುರುಗಳನ್ನು ಪ್ರಶ್ನಿಸುವುದು ನಮ್ಮ ಸಂಪ್ರದಾಯವಲ್ಲ ಎಂದು ಸಭೆಯಲ್ಲಿ ಯಾರಾದರೂ ಎದ್ದು ಹೇಳಿದರೆ ಈ ಪ್ರಸಂಗವನ್ನು ವಿನಯದಿಂದ ನೆನಪಿಸಿದರೆ ಸಾಕು. ಇಗರ್ಜಿಯ ಸಭೆಯಲ್ಲಾದರೆ, ಅಂತಿಯೋಕ್ಯದಲ್ಲಿ ಪೌಲನು ಪೇತ್ರನನ್ನು ಮುಖಾಮುಖಿ ವಿರೋಧಿಸಿದ ಪ್ರಸಂಗ ಗಲಾತ್ಯದವರಿಗೆ ಬರೆದ ಪತ್ರದಲ್ಲಿಯೇ ಇದೆ. ನಮಾಜಿನಲ್ಲಿ ಇಮಾಮರು ಮರೆತು ತಪ್ಪಿದರೆ ಹಿಂದಿನ ಸಾಲಿನವರು 'ಸುಬ್‌ಹಾನಲ್ಲಾಹ್' ಎಂದು ಎಚ್ಚರಿಸುತ್ತಾರೆ. ಅಲ್ಲಿ ತಿದ್ದುವುದು ಅವಮರ್ಯಾದೆಯಲ್ಲ, ಕರ್ತವ್ಯ.

ಯಾವ ವಿಷಯದಲ್ಲಿ ಅವರ ಮಾತು ಅಂತಿಮ?

ಸಮಿತಿ ಮಾಡಬೇಕಾದ ಮೊದಲ ಕೆಲಸ, ಮುಖಂಡರ ಮಾತು ಎಲ್ಲಿ ಕೊನೆಯ ಮಾತು, ಎಲ್ಲಿ ಸಲಹೆ, ಎಲ್ಲಿ ಎರಡೂ ಅಲ್ಲ ಎಂಬುದನ್ನು ಬಿಡಿಸಿ ಬರೆಯುವುದು. ಈ ಗೆರೆಯನ್ನು ಎಳೆಯುವುದರಲ್ಲಿ ಇಡೀ ದೇಶಕ್ಕೆ ದಾರಿ ತೋರಿಸಿದ್ದು ಉಡುಪಿಯ ಒಂದು ಮಠದ ಮೊಕದ್ದಮೆ ಎಂಬುದು ನಮ್ಮಲ್ಲಿಯೇ ಹಲವರಿಗೆ ತಿಳಿದಿಲ್ಲ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ ಶೀರೂರು ಮಠಕ್ಕೆ ಪರ್ಯಾಯದ ಖರ್ಚಿನಿಂದ ಸಾಲ ಏರಿತು. 1946ರ ಪರ್ಯಾಯ ಮುಗಿಯುವ ಹೊತ್ತಿಗೆ ಅದು ಲಕ್ಷ ರೂಪಾಯಿಯ ಸಮೀಪಕ್ಕೆ ಬಂದಿತ್ತು. ಸರಕಾರದ ಧಾರ್ಮಿಕ ದತ್ತಿ ಮಂಡಳಿ ಆಡಳಿತದಲ್ಲಿ ಕೈಹಾಕಿತು. ಲಕ್ಷ್ಮೀಂದ್ರ ತೀರ್ಥರು ನ್ಯಾಯಾಲಯಕ್ಕೆ ಹೋದರು. 1954ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪನ್ನು ಇಂದಿಗೂ ಧಾರ್ಮಿಕ ಸ್ವಾತಂತ್ರ್ಯದ ಪ್ರತಿಯೊಂದು ಮೊಕದ್ದಮೆಯಲ್ಲಿ ಎಂಬಷ್ಟು ಮಟ್ಟಿಗೆ ಉಲ್ಲೇಖಿಸುತ್ತಾರೆ. ಮಠಾಧಿಪತಿಗಳು ಬರಿಯ ವ್ಯವಸ್ಥಾಪಕರಲ್ಲ, ಅವರ ಸ್ಥಾನದಲ್ಲಿ ಹುದ್ದೆಯ ಹೊಣೆಯೂ ಸ್ವಂತ ಹಕ್ಕೂ ಬೆರೆತಿವೆ ಎಂದು ನ್ಯಾಯಾಲಯ ಹೇಳಿತು. ಧರ್ಮದ ಅಗತ್ಯ ಆಚರಣೆ ಯಾವುದು ಎಂಬುದನ್ನು ಆ ಧರ್ಮದ ತತ್ತ್ವಗಳಿಂದಲೇ ತಿಳಿಯಬೇಕು ಎಂದಿತು. ಅಧಿಕಾರಿಗಳು ಕಟ್ಟುಪಾಡಿಲ್ಲದೆ ಮಠದೊಳಗೆ ನುಗ್ಗಬಹುದೆಂಬ ಕಲಮನ್ನು ತಳ್ಳಿಹಾಕಿತು. ಆದರೆ ಆಸ್ತಿಯ ಆಡಳಿತ ಕಾನೂನಿಗೆ ಒಳಪಟ್ಟದ್ದು ಎಂಬುದನ್ನೂ ಅದೇ ತೀರ್ಪು ಸ್ಪಷ್ಟಪಡಿಸಿತು. ಪೂಜೆಯ ಕ್ರಮದಲ್ಲಿ ಶ್ರೀಪಾದರ ಮಾತು, ಆಸ್ತಿಯ ಲೆಕ್ಕದಲ್ಲಿ ಕಾನೂನಿನ ಮಾತು: ನಿಮ್ಮ ಸಂಸ್ಥೆ ಯಾವ ಧರ್ಮದ್ದಾದರೂ ಈ ಗೆರೆಯಿಂದಲೇ ಆರಂಭಿಸಬಹುದು.

ಬರೆಯುವಾಗ ದೊಡ್ಡ ಮಾತು ಬೇಡ. ಉತ್ಸವದ ತಿಥಿ, ಪೂಜೆಯ ವಿಧಿ, ಮಡಿಯ ನಿಯಮ, ಪ್ರಾಯಶ್ಚಿತ್ತ ಇವುಗಳಲ್ಲಿ ತಂತ್ರಿಗಳ ಅಥವಾ ಗುರುಗಳ ಮಾತು ಅಂತಿಮ ಎಂದು ಬರೆಯಿರಿ. ಸಭಾಂಗಣ ಕಟ್ಟುವುದು, ಗುತ್ತಿಗೆ ಕೊಡುವುದು, ಸಿಬ್ಬಂದಿಯನ್ನು ನೇಮಿಸುವುದು, ಸಾಲ ಎತ್ತುವುದು ಇವುಗಳಲ್ಲಿ ಅವರ ಸಲಹೆ ಕೇಳಬೇಕು, ತೀರ್ಮಾನ ಸಮಿತಿಯದು ಎಂದು ಬರೆಯಿರಿ. ಭಕ್ತರ ಮನೆಯ ಮದುವೆ, ಮಕ್ಕಳ ಓದು, ಕಾಯಿಲೆಗೆ ಔಷಧ, ಚುನಾವಣೆಯ ಮತ ಇವುಗಳಲ್ಲಿ ಕೇಳಿದವರಿಗೆ ಹಿತವಚನ ಹೇಳಬಹುದೇ ಹೊರತು ಸಂಸ್ಥೆಯ ಹೆಸರಿನಲ್ಲಿ ಅಪ್ಪಣೆ ಕೊಡುವಂತಿಲ್ಲ. ಈ ಮೂರನೆಯ ಗುಂಪಿನಲ್ಲಿಯೇ ಹೆಚ್ಚಿನ ಅನಾಹುತಗಳು ಆಗುತ್ತವೆ. ವೇದ ಬಲ್ಲವರು ಮೂತ್ರಪಿಂಡದ ಕಾಯಿಲೆಯನ್ನೂ ಬಲ್ಲರು ಎಂದು ಜನ ತಾವಾಗಿಯೇ ನಂಬಿಬಿಡುತ್ತಾರೆ, ಹಾಗೆ ನಂಬಿ ಬಂದವರನ್ನು ವೈದ್ಯರ ಬಳಿಗೆ ಕಳುಹಿಸುವ ಸಂಯಮ ಎಲ್ಲ ಗುರುಗಳಲ್ಲಿಯೂ ಇರುವುದಿಲ್ಲ.

ವೇದಿಕೆ, ಫ್ಲೆಕ್ಸು, ಪಾದಪೂಜೆ

ಪೂರ್ಣಕುಂಭದ ಸ್ವಾಗತ, ಫಲಪುಷ್ಪ, ಪಾದಪೂಜೆ, ಭಿಕ್ಷಾವಂದನೆ, ಫಲಮಂತ್ರಾಕ್ಷತೆ ಇವು ಭಕ್ತಿಯ ಭಾಷೆ. ಇವುಗಳನ್ನು ಕಿತ್ತುಹಾಕಬೇಕೆಂದು ನಾನು ಹೇಳಲಾರೆ. ಹೇಳಿದರೂ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆದರೆ ವಿಧಿಯಲ್ಲಿ ಇರುವ ಗೌರವ ಯಾವುದು, ಸಮಿತಿಯ ಉತ್ಸಾಹದಲ್ಲಿ ಸೇರಿಕೊಂಡದ್ದು ಯಾವುದು ಎಂದು ಬೇರ್ಪಡಿಸುವುದು ಸಾಧ್ಯ. ಪಾದಪೂಜೆ ವಿಧಿ. ರಸ್ತೆಯ ಎರಡೂ ಬದಿಗೆ ಆಳೆತ್ತರದ ಫ್ಲೆಕ್ಸು ವಿಧಿಯಲ್ಲ. ದೇವರ ಉತ್ಸವದ ಫಲಕದಲ್ಲಿ ದೇವರ ಚಿತ್ರ ಅಂಗೈಯಷ್ಟಾಗಿ, ಗುರುಗಳದೂ ದಾನಿಗಳದೂ ಶಾಸಕರದೂ ಚಿತ್ರಗಳು ಬಾಗಿಲಿನಷ್ಟಾಗಿರುವುದನ್ನು ನಾವೆಲ್ಲ ನೋಡಿದ್ದೇವೆ. ಫಲಕದಲ್ಲಿ ಯಾವ ಜೀವಂತ ವ್ಯಕ್ತಿಯ ಚಿತ್ರವೂ ದೇವರ ಚಿತ್ರಕ್ಕಿಂತ ದೊಡ್ಡದಾಗಿರಕೂಡದು ಎಂಬ ಒಂದೇ ಸಾಲಿನ ನಿರ್ಣಯ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆದರೆ, ಮುಂದಿನ ಹತ್ತು ಜಗಳಗಳು ತಾವಾಗಿಯೇ ತಪ್ಪುತ್ತವೆ.

ವೇದಿಕೆಯಲ್ಲಿ ಗುರುಗಳಿಗೆ ಪ್ರತ್ಯೇಕ ಆಸನವಿರಲಿ. ಉಳಿದ ಅತಿಥಿಗಳನ್ನು ಅವರಿಗೆ ಹೊಂದಿಸುವ ಸ್ಪರ್ಧೆ ಬೇಡ. ನಿರೂಪಕರಿಗೆ ಪರಿಚಯದ ಮಾತನ್ನು ಬರೆದು ಕೊಡಿ: ಎಲ್ಲಿ ಓದಿದರು, ಎಂದು ದೀಕ್ಷೆ ಪಡೆದರು, ಏನು ಕೆಲಸ ಮಾಡಿದ್ದಾರೆ. ಬರೆದು ಕೊಡದಿದ್ದರೆ 'ನಡೆದಾಡುವ ದೇವರು' ಎಂಬಲ್ಲಿಂದಲೇ ಅವರು ಆರಂಭಿಸುತ್ತಾರೆ, ಮುಂದಿನ ವರ್ಷದ ನಿರೂಪಕ ಅದಕ್ಕೂ ಮೇಲೆ ಹೋಗಬೇಕಾಗುತ್ತದೆ. ಆಶೀರ್ವಚನಕ್ಕೆ ಸಮಯ ನಿಗದಿ ಮಾಡುವುದು ಅವಿನಯವಲ್ಲ. ಊಟದ ಪಂಕ್ತಿಯಲ್ಲಿ ಕಾದಿರುವ ಮುದುಕರ, ಮಕ್ಕಳ ವಿಷಯವನ್ನು ಮೊದಲೇ ಗಮನಕ್ಕೆ ತಂದರೆ ಬಹುಪಾಲು ಗುರುಗಳು ಸಂತೋಷದಿಂದ ಒಪ್ಪುತ್ತಾರೆ.

ಹಣ

ಭಕ್ತಿ ಮತ್ತು ಹಣ ಒಂದೇ ತಟ್ಟೆಯಲ್ಲಿ ಬೀಳುವುದರಿಂದ ಇಲ್ಲಿ ತುಸು ನಿಷ್ಠುರವಾಗಿರಬೇಕು. ಮೊದಲು ಯಾವ ಹಣ ಯಾರದು ಎಂದು ಬರೆಯಿರಿ. ಮಂಗಳಾರತಿಯ ತಟ್ಟೆಯ ಕಾಸು ಅನೇಕ ಕಡೆ ಅರ್ಚಕರ ಸಂಪ್ರದಾಯದ ಹಕ್ಕು, ಹುಂಡಿಯದ್ದು ದೇವಸ್ಥಾನದ್ದು. ಪಾದಪೂಜೆಯ ಕಾಣಿಕೆ ಗುರುಗಳ ಕೈಗೋ ಮಠದ ಖಾತೆಗೋ ಎಂಬುದು ಮೊದಲೇ ಇತ್ಯರ್ಥವಾಗಿರಬೇಕು. ಚರ್ಚಿನಲ್ಲಿ ಬಲಿಪೂಜೆಯ ಉದ್ದೇಶಕ್ಕೆ ಕೊಡುವ ಕಾಣಿಕೆ ಬೇರೆ, ಧರ್ಮಕೇಂದ್ರದ ನಿಧಿ ಬೇರೆ. ಈಗ ಇದಕ್ಕೆ ಹೊಸದೊಂದು ಸೇರಿಕೊಂಡಿದೆ. ಗರ್ಭಗುಡಿಯ ಎದುರಿನ ಕಂಬಕ್ಕೆ ಅಂಟಿಸಿದ ಕ್ಯೂಆರ್ ಕೋಡನ್ನು ನಿಮ್ಮ ಮೊಬೈಲಿನಲ್ಲಿ ಒಮ್ಮೆ ಸ್ಕ್ಯಾನ್ ಮಾಡಿ, ಹಣ ಕಳುಹಿಸುವ ಮೊದಲು ಪರದೆಯ ಮೇಲೆ ಬರುವ ಹೆಸರನ್ನು ಓದಿ. ಅಲ್ಲಿ ಸಂಸ್ಥೆಯ ಹೆಸರಿಲ್ಲದೆ ವ್ಯಕ್ತಿಯ ಹೆಸರು ಕಂಡರೆ ಅಂದೇ ಆ ಚೀಟಿಯನ್ನು ತೆಗೆಸಬೇಕು. ಅಲ್ಲಿ ಮೋಸ ನಡೆಯುತ್ತಿದೆ ಎಂದು ಭಾವಿಸಬೇಕಾಗಿಲ್ಲ. ಸಂಸ್ಥೆಯ ಖಾತೆ ಮಾಡಿಸುವ ತಾಪತ್ರಯಕ್ಕೆ ಯಾರೋ ತಮ್ಮದನ್ನೇ ಕೊಟ್ಟಿರಬಹುದು. ಆದರೆ ಮುಂದೊಂದು ದಿನ ಅವರ ಮೇಲೆಯೇ ಅಪವಾದ ಬರುತ್ತದೆ.

ಹುಂಡಿಯನ್ನು ಎಣಿಸುವ ದಿನ ಪ್ರಕಟವಾಗಿರಲಿ, ಎಣಿಸುವವರಲ್ಲಿ ಸಮಿತಿಯ ಹೊರಗಿನ ಒಬ್ಬರಾದರೂ ಇರಲಿ, ಎಣಿಸಿದ ಮೊತ್ತಕ್ಕೆ ಎಲ್ಲರ ಸಹಿ ಬೀಳಲಿ. ಧರ್ಮಗುರುಗಳು ಎಣಿಸುವ ಕೆಲಸದಿಂದ ದೂರವಿರುವುದು ಅವರ ಘನತೆಗೆ ಒಳ್ಳೆಯದು. ರಶೀದಿಗೆ ಕ್ರಮಸಂಖ್ಯೆ ಕಡ್ಡಾಯ. ಎರಡು ಸಾವಿರ ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ಆದಾಯ ತೆರಿಗೆಯ ವಿನಾಯಿತಿ ಸಿಗುವುದಿಲ್ಲ ಎಂಬುದನ್ನು ದಾನಿಗಳಿಗೆ ತಿಳಿಸಿದರೆ ದೊಡ್ಡ ಮೊತ್ತಗಳು ತಾವಾಗಿಯೇ ಬ್ಯಾಂಕಿನ ದಾರಿ ಹಿಡಿಯುತ್ತವೆ.

ಕಾನೂನಿನ ಆಸರೆಯೂ ಇದೆ, ಬಳಸುವವರು ಕಡಿಮೆ. ಕರ್ನಾಟಕದ 1997ರ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆಯ ಪ್ರಕಾರ ಮುಜರಾಯಿ ದೇವಸ್ಥಾನದ ವ್ಯವಸ್ಥಾಪನಾ ಸಮಿತಿಯಲ್ಲಿ ಒಂಬತ್ತು ಮಂದಿ ಇರುತ್ತಾರೆ; ಅವರಲ್ಲಿ ಪ್ರಧಾನ ಅರ್ಚಕರು, ಮಹಿಳೆಯರು, ಪರಿಶಿಷ್ಟ ಜಾತಿ ಅಥವಾ ಪಂಗಡದವರು ಸೇರಿರಬೇಕು. ಮಠಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಆದ್ದರಿಂದ ಅಲ್ಲಿ ಲೆಕ್ಕ ಕೇಳುವ ಹೊಣೆ ಭಕ್ತರ ಮೇಲೆಯೇ ಹೆಚ್ಚು. ಕಥೋಲಿಕ ಚರ್ಚಿನ 1983ರ ಧರ್ಮಸಂಹಿತೆ ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿಯನ್ನು ಕಡ್ಡಾಯ ಮಾಡಿದೆ. ಪಾಲನಾ ಮಂಡಳಿಗೆ ಅದು ಕೊಟ್ಟಿರುವುದು ಸಲಹೆಯ ಹಕ್ಕು ಮಾತ್ರ. ಹಾಗಾಗಿ ಉಪಾಧ್ಯಕ್ಷರೂ ವಾಳೆಯ (ವಾರ್ಡಿನ) ಮುಖಂಡರಾದ ಗುರಿಕಾರರೂ ಮಾತನಾಡಬೇಕಾದದ್ದನ್ನು ಸಭೆಯಲ್ಲಿಯೇ ಮಾತನಾಡಿ ನಡಾವಳಿಯಲ್ಲಿ ಬರೆಸದಿದ್ದರೆ, ಹೊರಗೆ ಆಡಿದ ಮಾತಿಗೆ ಯಾವ ತೂಕವೂ ಇರುವುದಿಲ್ಲ. ವಕ್ಫ್ ಆಸ್ತಿಯನ್ನು ನೋಡಿಕೊಳ್ಳುವ ಮುತವಲ್ಲಿಗಳು ವರ್ಷಕ್ಕೊಮ್ಮೆ ಲೆಕ್ಕವನ್ನು ವಕ್ಫ್ ಮಂಡಳಿಗೆ ಸಲ್ಲಿಸಬೇಕು. ಅದೇ ಲೆಕ್ಕದ ಒಂದು ಪ್ರತಿಯನ್ನು ಜಮಾಅತಿನ ಸೂಚನಾ ಫಲಕಕ್ಕೆ ಹಾಕುವುದಕ್ಕೆ ಹೆಚ್ಚಿನ ಶ್ರಮವಿಲ್ಲ.

ತಪ್ಪನ್ನು ಹೇಳುವ ಬಗೆ

ನಮ್ಮ ಕಡೆಯ ಜನ ಗುರುಗಳ ಎದುರು ಬಾಗಿ 'ಅಪ್ಪಣೆ' ಎನ್ನುತ್ತಾರೆ, ಹೊರಗೆ ಬಂದು ಗೂಡಂಗಡಿಯಲ್ಲಿ ಚಹಾ ಕುಡಿಯುತ್ತ ಉಳಿದದ್ದನ್ನು ಹೇಳುತ್ತಾರೆ. ಪೀಠದ ಎತ್ತರಕ್ಕೂ ಗೂಡಂಗಡಿಯ ಮಾತಿಗೂ ನೇರ ಸಂಬಂಧವಿದೆ; ಒಂದು ಏರಿದಷ್ಟೂ ಇನ್ನೊಂದು ಬೆಳೆಯುತ್ತದೆ. ಎದುರಿಗೇ ಹೇಳುವ ಕ್ರಮವನ್ನು ಕಲಿಯದೆ ಇದಕ್ಕೆ ಪರಿಹಾರವಿಲ್ಲ.

ಒಬ್ಬರೇ ಹೋಗಬಾರದು, ಹತ್ತು ಮಂದಿಯೂ ಹೋಗಬಾರದು. ಒಬ್ಬರೇ ಹೋದರೆ ನಾಳೆ ಮಾತು ತಿರುಚಿಹೋಗುತ್ತದೆ, ಹತ್ತು ಮಂದಿ ಹೋದರೆ ಅದು ಮುತ್ತಿಗೆಯಾಗುತ್ತದೆ. ಇಬ್ಬರು ಹೋಗಿ, ಅವರಲ್ಲಿ ಒಬ್ಬರಾದರೂ ಗುರುಗಳಿಗಿಂತ ವಯಸ್ಸಿನಲ್ಲಿ ಹಿರಿಯರಾಗಿದ್ದರೆ ಒಳಿತು. ಮಹಾಪೂಜೆಯ ಹೊತ್ತು, ಜುಮಾ ಮುಗಿದ ಗಳಿಗೆ, ಭಾನುವಾರದ ಪೂಜೆಯ ನಂತರದ ಗದ್ದಲ ಇವನ್ನು ಬಿಟ್ಟು ಮೊದಲೇ ಸಮಯ ಕೇಳಿಕೊಳ್ಳಿ. ಸ್ವಭಾವದ ಬಗೆಗೆ ಮಾತು ಬೇಡ; ಯಾವ ದಿನ, ಏನು ನಡೆಯಿತು, ಅದರಿಂದ ಸಂಸ್ಥೆಗೆ ಏನಾಗುತ್ತದೆ, ಏನು ಮಾಡಬೇಕೆಂದು ಕೋರುತ್ತೇವೆ ಎಂಬಷ್ಟನ್ನು ಹೇಳಿ, ಬರೆದ ಪ್ರತಿಯನ್ನು ಕೊಟ್ಟು ಬನ್ನಿ. ಉದಾಹರಣೆಗೆ, ಉತ್ಸವದ ಧಾರ್ಮಿಕ ಸಭೆಯಲ್ಲಿ ಗುರುಗಳು ಒಬ್ಬ ಅಭ್ಯರ್ಥಿಯ ಪರ ಮಾತನಾಡಿದರೆಂದು ಇಟ್ಟುಕೊಳ್ಳಿ. ಪತ್ರ ಹೀಗಿರಬಹುದು:

"ಪೂಜ್ಯ ಶ್ರೀಪಾದರ ಸನ್ನಿಧಿಯಲ್ಲಿ ಸಮಿತಿಯ ವಿನಮ್ರ ವಿಜ್ಞಾಪನೆ. ಕಳೆದ ಉತ್ಸವದ ಧಾರ್ಮಿಕ ಸಭೆಯಲ್ಲಿ ತಾವು ದಯಪಾಲಿಸಿದ ಆಶೀರ್ವಚನದ ಕೊನೆಯ ಭಾಗದಲ್ಲಿ ಚುನಾವಣೆಯ ಅಭ್ಯರ್ಥಿಯೊಬ್ಬರನ್ನು ಬೆಂಬಲಿಸುವಂತೆ ಭಕ್ತರಿಗೆ ಅಪ್ಪಣೆ ಕೊಡಿಸಿದಿರಿ. ಧಾರ್ಮಿಕ ಸಂಸ್ಥೆಯ ಆವರಣವನ್ನು ರಾಜಕೀಯ ಚಟುವಟಿಕೆಗೆ ಬಳಸುವುದನ್ನು 1988ರ ಕಾಯ್ದೆ ನಿಷೇಧಿಸಿರುವುದರಿಂದ ಸಂಸ್ಥೆಯ ಮೇಲೆ ದೂರು ದಾಖಲಾಗುವ ಸಂಭವವಿದೆ. ಭಕ್ತರಲ್ಲಿ ಬೇರೆ ಬೇರೆ ಪಕ್ಷದವರಿದ್ದಾರೆ. ಅವರೆಲ್ಲರೂ ತಮ್ಮ ಶಿಷ್ಯರೇ. ಮುಂದಿನ ಸಭೆಗಳಲ್ಲಿ ಈ ವಿಷಯ ಬಾರದಂತೆ ಅನುಗ್ರಹಿಸಬೇಕೆಂದು ಪ್ರಾರ್ಥಿಸುತ್ತೇವೆ."

ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ಅದೇ ವಿಷಯವನ್ನು ಸಮಿತಿಯ ಸಭೆಗೆ ತನ್ನಿ. ಅಲ್ಲಿಯೂ ಇತ್ಯರ್ಥವಾಗದಿದ್ದರೆ ಮಹಾಸಭೆ, ಬಿಷಪರು, ಖಾಝಿಗಳು, ಜೋಡಿ ಮಠ, ಮುಜರಾಯಿ ಇಲಾಖೆ ಹೀಗೆ ಮೇಲಿನ ಹಂತ ಯಾವುದಿದೆಯೋ ಅದಕ್ಕೆ ಹೋಗಬೇಕು. ವಾಟ್ಸ್ಆ್ಯಪ್ ಗುಂಪು ಮೇಲಿನ ಹಂತವಲ್ಲ.

ಸಮಿತಿ ತೀರ್ಪು ಕೊಡಬಾರದ ಸಂದರ್ಭ

ಮೇಲೆ ಹೇಳಿದ ವಿನಯದ ದಾರಿ ಅಪರಾಧಕ್ಕೆ ಅನ್ವಯಿಸುವುದಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂಬ ಸಂದೇಹ ಬಂದರೆ ಅದನ್ನು ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದ ಪ್ರತಿಯೊಬ್ಬರ ಕರ್ತವ್ಯ, ತಿಳಿಸದಿರುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098. ಆರೋಪ ನಿಜವೇ ಎಂದು ಸಮಿತಿ ತಾನೇ ವಿಚಾರಣೆ ನಡೆಸಬಾರದು, ಮಗುವನ್ನೂ ಹೆತ್ತವರನ್ನೂ ಗುರುಗಳ ಎದುರು ಕರೆಸಿ ರಾಜಿ ಮಾಡಿಸಬಾರದು, ಮಗುವಿನ ಗುರುತು ಬಯಲಾಗುವಂಥ ಯಾವ ಮಾತೂ ಹೊರಗೆ ಹೋಗಬಾರದು. 'ಊರಿನ ಮರ್ಯಾದೆ' ಎಂಬ ಮಾತು ಇಂಥ ಕಡೆ ಕೇಳಿಬಂದೊಡನೆ ಎಚ್ಚರಗೊಳ್ಳಬೇಕು. ಅದನ್ನು ಆಡುವವರು ಊರಿನ ಬಗೆಗೆ ಯೋಚಿಸುತ್ತಿರುವುದಿಲ್ಲ. ತನಿಖೆ ಮುಗಿಯುವವರೆಗೆ ಆರೋಪಕ್ಕೆ ಒಳಗಾದವರು ಮಕ್ಕಳಿರುವ ಸ್ಥಳದಿಂದ ದೂರವಿರಲಿ. ಅವರ ಪರವಾಗಿಯೂ ವಿರುದ್ಧವಾಗಿಯೂ ಸಂಸ್ಥೆಯ ಹೆಸರಿನಲ್ಲಿ ಮೆರವಣಿಗೆ ಬೇಡ. ಕಥೋಲಿಕ ಚರ್ಚಿನಲ್ಲಿ 2019ರಿಂದ ಧರ್ಮಗುರುಗಳು ಇಂಥ ವಿಷಯವನ್ನು ತಮ್ಮ ಮೇಲಿನವರಿಗೆ ವರದಿ ಮಾಡುವುದು ಕಡ್ಡಾಯವಾಗಿದೆ. ಆದರೆ ಒಳಗಿನ ವರದಿಯಿಂದ ಪೊಲೀಸರಿಗೆ ತಿಳಿಸುವ ಹೊಣೆ ತೀರುವುದಿಲ್ಲ. ಹಣದ ದುರುಪಯೋಗದಲ್ಲಿಯೂ ಮೊತ್ತ ದೊಡ್ಡದಾಗಿದ್ದರೆ 'ಹಿಂದಿರುಗಿಸಿದರೆ ಸಾಕು' ಎಂದು ಮುಗಿಸದೆ ಲೆಕ್ಕಪರಿಶೋಧಕರ ವರದಿಯೊಂದಿಗೆ ದೂರು ಕೊಡುವುದೇ ಮೇಲು.

ಎತ್ತರದಲ್ಲಿ ಕುಳಿತವರ ಕಷ್ಟ

ಪೀಠದ ಮೇಲೆ ಕೂರಿಸುವುದರಿಂದ ಕೂತವರಿಗೂ ಹಾನಿಯಿದೆ. ಪೇಜಾವರದ ವಿಶ್ವೇಶ ತೀರ್ಥರು ಸನ್ಯಾಸ ಪಡೆದದ್ದು 1938ರಲ್ಲಿ, ಏಳನೆಯ ವಯಸ್ಸಿನಲ್ಲಿ. ಆ ವಯಸ್ಸಿನಿಂದ ಮನೆಯ ಹಿರಿಯರೂ ಕಾಲಿಗೆ ಬೀಳುವ ಸ್ಥಾನದಲ್ಲಿ ಬೆಳೆಯುವ ಮಗುವಿಗೆ ತಪ್ಪನ್ನು ತಪ್ಪು ಎನ್ನುವವರು ಎಲ್ಲಿ ಸಿಗಬೇಕು? ಅವರಿಗೆ ವಿದ್ಯಾಗುರುಗಳು ಸಿಕ್ಕರು; ಮುಂದೆ ಅವರು ದಲಿತರ ಕೇರಿಗೆ ಹೋದಾಗ ಸಂಪ್ರದಾಯಸ್ಥರಿಂದ, 2017ರಲ್ಲಿ ಕೃಷ್ಣಮಠದ ಆವರಣದಲ್ಲಿ ಇಫ್ತಾರ್ ಏರ್ಪಡಿಸಿದಾಗ ಹಿಂದೂ ಸಂಘಟನೆಗಳಿಂದ, ಬೇರೆ ಸಂದರ್ಭಗಳಲ್ಲಿ ಪ್ರಗತಿಪರರಿಂದ ಟೀಕೆಗಳನ್ನು ಕೇಳಿದರು, ಪತ್ರಿಕೆಗಳಲ್ಲಿ ಉತ್ತರವನ್ನೂ ಕೊಟ್ಟರು. ಅವರ ನಿಲುವುಗಳೆಲ್ಲ ಒಪ್ಪಿಗೆಯಾಗಬೇಕಿಲ್ಲ. ಟೀಕೆಗೆ ಉತ್ತರ ಕೊಡುವ ಯತಿ ಟೀಕೆಯೇ ತಲುಪದ ಯತಿಗಿಂತ ಸಮುದಾಯಕ್ಕೆ ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ನಿಮ್ಮ ಗುರುಗಳಿಗೆ ಸಲುಗೆಯಿಂದ ಮಾತನಾಡುವ ಒಬ್ಬ ಹಿರಿಯರಾಗಲಿ ಸಹಪಾಠಿಯಾಗಲಿ ಇದ್ದಾರೆಯೇ ಎಂದು ವಿಚಾರಿಸಿ. ಇದ್ದರೆ ಅವರ ಭೇಟಿಗೆ ಅಡ್ಡಬರುವ ದ್ವಾರಪಾಲಕರನ್ನು ಸರಿಸಿ. ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ, ಕೆಲವು ದಿನಗಳ ಬಿಡುವು, ಫೋನು ಬಾರದ ಕೆಲವು ಗಂಟೆಗಳು ಅವರ ದಿನಚರಿಯಲ್ಲಿ ಇರುವಂತೆ ನೋಡಿಕೊಳ್ಳಿ.

ಒಬ್ಬರನ್ನು ಮುಗಿಲಿಗೆ ಏರಿಸುವ ಸಮುದಾಯವೇ ಇನ್ನೊಬ್ಬರನ್ನು ಮೆಟ್ಟಿಲ ಕೆಳಗೆ ನಿಲ್ಲಿಸುತ್ತದೆ ಎಂಬುದು ತುಳುನಾಡಿನಲ್ಲಿ ಕಣ್ಣಿಗೆ ರಾಚುವಷ್ಟು ಸ್ಪಷ್ಟ. ನೇಮದ, ಅಂದರೆ ದೈವಾರಾಧನೆಯ, ರಾತ್ರಿ ಅಣಿ ಏರಿಸಿ ಗಗ್ಗರ ಕಟ್ಟಿದ ದೈವದ ಎದುರು ಗುತ್ತಿನ ಮನೆತನದ ಯಜಮಾನರು ಕೈಮುಗಿದು ನಿಲ್ಲುತ್ತಾರೆ, ದೈವದ ನುಡಿಗೆ ತಲೆಬಾಗುತ್ತಾರೆ. ಗಗ್ಗರ ಬಿಚ್ಚಿ ಬಣ್ಣ ತೊಳೆದ ಮೇಲೆ, ದೈವ ಕಟ್ಟಿದ್ದ ಅದೇ ಮನುಷ್ಯನಿಗೆ ಊಟಕ್ಕೆ ಎಲ್ಲಿ ಎಲೆ ಹಾಕುತ್ತಾರೆ ಎಂಬುದನ್ನು ನೋಡಿದವರಿಗೆ ಹೆಚ್ಚಿನ ವಿವರಣೆ ಬೇಕಿಲ್ಲ. ಗೌರವ ಹೊಣೆಗೂ ಹೊತ್ತಿಗೂ ಸಂಬಂಧಿಸಿದ್ದು ಎಂಬ ತಿಳಿವಳಿಕೆ ಆ ಪದ್ಧತಿಯಲ್ಲಿದೆ. ಹೊಣೆ ಇಳಿಸಿದ ಮೇಲೆ ಮನುಷ್ಯನಿಗೆ ಸಲ್ಲಬೇಕಾದ ಸಮಾನ ಮರ್ಯಾದೆ ಸಲ್ಲದಿರುವುದು ನಮ್ಮ ಜಾತಿಪದ್ಧತಿಯ ದೋಷ. ಮದ್ರಸದ ಉಸ್ತಾದರ ಸಂಬಳ, ಸಣ್ಣ ದೇವಸ್ಥಾನದ ಭಟ್ಟರ ರಜೆ, ಇಗರ್ಜಿಯ ಚಾಕರಿ ಮಾಡುವವರ ವೃದ್ಧಾಪ್ಯ ಇವು ಸಮಿತಿಯ ವಿಷಯಪಟ್ಟಿಯಲ್ಲಿ ಕೊನೆಗೆ ಬರುತ್ತವೆ, ಕೋರಂ ಮುರಿಯುವ ಹೊತ್ತಿಗೆ. ಮುಂದಿನ ಸಭೆಯಲ್ಲಿ ಅವುಗಳನ್ನು ಸ್ವಾಗತ ಸಮಿತಿಯ ರಚನೆಗಿಂತ ಮೊದಲು ಇಡಿ.

ಬೀಳ್ಕೊಡುವಾಗ

ವರ್ಗಾವಣೆಯಾಗಲಿ, ನಿವೃತ್ತಿಯಾಗಲಿ, ಅವಧಿ ಮುಗಿಯುವುದಾಗಲಿ, ಬೀಳ್ಕೊಡುಗೆಗೂ ಒಂದು ಕ್ರಮ ಬೇಕು. ಚರ್ಚಿನಲ್ಲಿ ಧರ್ಮಗುರುಗಳು ಎಪ್ಪತ್ತೈದು ತುಂಬಿದಾಗ ರಾಜೀನಾಮೆ ಪತ್ರ ಕೊಡುವ ನಿಯಮವಿದೆ, ಅದಕ್ಕೆ ಮೊದಲು ಕೆಲವು ವರ್ಷಗಳಿಗೊಮ್ಮೆ ವರ್ಗಾವಣೆಯೂ ಆಗುತ್ತದೆ. ವರ್ಗಾವಣೆ ರದ್ದುಪಡಿಸಬೇಕೆಂದು ಸಹಿ ಸಂಗ್ರಹಿಸಲು ಹೊರಡುವವರು, ಪ್ರೀತಿಯಿಂದಲೇ ಆದರೂ, ಮುಂದೆ ಬರುವವರ ಕೆಲಸವನ್ನು ಕಷ್ಟಕ್ಕೆ ಸಿಲುಕಿಸುತ್ತಾರೆ. ಬೀಳ್ಕೊಡುವ ಮೊದಲು ಆಸ್ತಿಯ ಪಟ್ಟಿ, ಬ್ಯಾಂಕ್ ಖಾತೆಯ ಸಹಿ, ಕೀಲಿಕೈ, ಕಡತಗಳು, ಚಿನ್ನಬೆಳ್ಳಿಯ ತೂಕದ ವಿವರ ಇವುಗಳನ್ನು ಇಬ್ಬರು ಸಾಕ್ಷಿಗಳ ಎದುರು ಒಪ್ಪಿಸಿಕೊಂಡು ಸಹಿ ಹಾಕಿಸಿ. ಸಭಾಭವನಕ್ಕೋ ಮಹಾದ್ವಾರಕ್ಕೋ ಬದುಕಿರುವವರ ಹೆಸರಿಡುವ ಪ್ರಸ್ತಾಪ ಬಂದರೆ ಅದನ್ನು ಅದೇ ಸಭೆಯಲ್ಲಿ ಅಂಗೀಕರಿಸದೆ ಮುಂದಿನ ವರ್ಷದ ಮಹಾಸಭೆಗೆ ಮುಂದೂಡಿ. ಚಪ್ಪಾಳೆಯ ನಡುವೆ ಮಾಡಿದ ನಾಮಕರಣವನ್ನು ಹಿಂದೆಗೆಯುವುದು ಕಷ್ಟ. ಹೊಸಬರು ಬಂದ ತಿಂಗಳೊಳಗೆ ಅವರೊಂದಿಗೆ ಒಂದು ಸಭೆ ನಡೆಸಿ, ಈ ಬರಹದಲ್ಲಿ ಹಿಂದೆ ಹೇಳಿದ ಹೊಣೆಯ ವಿಂಗಡಣೆಯನ್ನು ಅವರಿಗೆ ಓದಿ ಹೇಳಿ, ಅವರು ಸೂಚಿಸುವ ತಿದ್ದುಪಡಿಗಳನ್ನು ಚರ್ಚಿಸಿ, ಎರಡೂ ಕಡೆಯವರು ಸಹಿ ಹಾಕಿದ ಪ್ರತಿಯೊಂದನ್ನು ನಡಾವಳಿ ಪುಸ್ತಕಕ್ಕೆ ಅಂಟಿಸಿಡಿ.